ಮೂರು ತಿಂಗಳಲ್ಲಿ ಹತ್ತೊಂಬತ್ತು ಕಿಲೋ

ತೂಕ ಇಳಿಸಿದ್ದು ಹೇಗೆ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಆಮೇಲೆ ಏನಾಯಿತು ಎಂದು ಕೇಳಿದವರು ಮೂವರೋ ನಾಲ್ವರೋ. ಉಳಿದವರಿಗೂ ಹೇಳಿಬಿಡಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ. ಓದುವಾಗ ಹೇಸಿಗೆ ಎನಿಸಿದರೆ ಎನಿಸಲಿ. ನೆನೆಸಿಕೊಂಡರೆ ನನಗೆ ಈಗಲೂ ಹಾಗೆಯೇ ಆಗುತ್ತದೆ.

ನಾನು ಮಲ್ಲಿಕಾ. ಕಾಟಿಪಳ್ಳದಲ್ಲಿ ಬ್ಲೌಸ್ ಹೊಲಿಯುತ್ತೇನೆ. ರಸ್ತೆ ಬದಿಯ ಎರಡಂತಸ್ತಿನ ಕಟ್ಟಡದಲ್ಲಿ ಕೆಳಗಿನ ಕೋಣೆ ನನ್ನ ಅಂಗಡಿ. ಗಂಡ ಸದಾನಂದ ಬಹರೈನಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ. ಮಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅತ್ತೆ. ನಾವು ತುಳುವಿನವರು, ಅತ್ತೆಯನ್ನು ಮಾಮಿ ಎಂದು ಕರೆಯುತ್ತೇವೆ.

ಎರಡು ವರ್ಷದ ಹಿಂದೆ ನನಗೆ ನಲವತ್ತಮೂರು ವರ್ಷ, ಎಂಬತ್ತಾರು ಕಿಲೋ. ದಿನವಿಡೀ ಮೆಷಿನ್ ಮುಂದೆ ಕೂತು ಎದ್ದರೆ ಮಂಡಿ ಚುಳ್ಳೆನ್ನುತ್ತಿತ್ತು. ಶುಗರ್ ಗಡಿಯಲ್ಲಿತ್ತು. ಊರಿನ ಕ್ಲಿನಿಕ್ಕಿನ ಡಾಕ್ಟರು, "ತೂಕ ಸ್ವಲ್ಪ ಇಳಿಸಿ, ನಿಧಾನಕ್ಕೆ ಆದ್ರೆ ಸಾಕು" ಎಂದಿದ್ದರು. ನಾನು ಕಿವಿಗೆ ಹಾಕಿಕೊಂಡದ್ದು ತೂಕ ಇಳಿಸಿ ಎಂಬಲ್ಲಿಯವರೆಗೆ ಮಾತ್ರ.

ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಅಂಗಡಿಯ ಮೇಲಿನ ಕೋಣೆಗೆ ಒಂದು ಆರೋಗ್ಯ ಕೂಟ ಬಂತು. ಬೆಳಿಗ್ಗೆ ಆರಕ್ಕೆ ಹೆಂಗಸರು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಸ್ವಲ್ಪ ಹೊತ್ತು ಹಾಡು ಹಾಕಿ ಕುಣಿಯುತ್ತಿದ್ದರು, ಆಮೇಲೆ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದರು. ಅದನ್ನು ನಡೆಸುತ್ತಿದ್ದ ರೋಹಿಣಿ ಮೇಡಂ ಎರಡು ಬ್ಲೌಸ್ ಹೊಲಿಸಲು ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಲ್ಲಿಕಕ್ಕ, ನೀವು ಎಲ್ಲರಿಗೂ ಚಂದ ಮಾಡಿ ಕೊಡ್ತೀರಿ. ನಿಮಗೇ ಒಂದು ಚಂದದ ಬ್ಲೌಸ್ ಹಾಕ್ಬೇಕು ಅಂತ ಆಸೆ ಇಲ್ವಾ?"

ಆಸೆ ಇತ್ತು. ಮರುದಿನ ಮೆಟ್ಟಿಲು ಹತ್ತಿದೆ.

ಬೆಳಿಗ್ಗೆ ಒಂದು ಲೋಟ ಪುಡಿ ನೀರು, ರಾತ್ರಿ ಒಂದು ಲೋಟ. ಮಧ್ಯಾಹ್ನ ಮೊಟ್ಟೆಯ ಬಿಳಿ ಭಾಗ ಮತ್ತು ಸೌತೆಕಾಯಿ. ಮೂರನೇ ವಾರಕ್ಕೆ ನಾನು ಮಧ್ಯಾಹ್ನವನ್ನೂ ಲೋಟಕ್ಕೆ ಬದಲಾಯಿಸಿದೆ, ಬೇಗ ಇಳಿಯಲಿ ಎಂದು. ಮೇಡಂ ಬೇಡ ಎನ್ನಲಿಲ್ಲ, "ನಿಮ್ಮಂಥ ವಿಲ್‌ಪವರ್ ಯಾರಿಗುಂಟು" ಎಂದರು. ಪುಡಿಗೆ ವೆನಿಲ್ಲಾ ವಾಸನೆ. ಅದು ಬಾಯಿಗೆ ಬಂದರೆ ಮೊದಲು ಐಸ್‌ಕ್ರೀಮಿನ ಹಾಗೆ, ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಸುಣ್ಣದ ಹಾಗೆ. ಲೋಟದ ತಳದಲ್ಲಿ ಕರಗದೆ ಉಳಿದ ಗಂಟುಗಳನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದೆ. ಹಸಿವು ಅಷ್ಟು.

ಪ್ರತಿ ಸೋಮವಾರ ತೂಕ ನೋಡುತ್ತಿದ್ದರು. ಇಳಿದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಏರಿದವರು ಎಲ್ಲರ ಎದುರು ನಿಂತು ಹಿಂದಿನ ವಾರ ಕದ್ದು ತಿಂದದ್ದು ಎಂತ ಎಂದು ಹೇಳಬೇಕು. ಒಬ್ಬ ಅಜ್ಜಿ ಒಂದು ಸೋಮವಾರ ನಿಂತುಕೊಂಡು, ಮೊಮ್ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ನೀರುದೋಸೆ ತಿಂದೆ ಎಂದು ಹೇಳಿದಾಗ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ಅಜ್ಜಿಯ ಮುಖ ಈಗ ಕಣ್ಣ ಮುಂದೆ ಬಂದರೆ ನನ್ನ ಮೇಲೆ ನನಗೇ ಉಗಿಯೋಣ ಎನಿಸುತ್ತದೆ.

ಲಾಭ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳಲ್ಲಿ ಮಂಡಿ ನೋವು ಮಾಯವಾಯಿತು. ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ಶುಗರ್ ಸರಿಯಾಯಿತು. ಕಪಾಟಿನ ಅಡಿಯಲ್ಲಿದ್ದ ಮದುವೆಯ ಕಾಲದ ಬ್ಲೌಸ್ ತೆಗೆದು ಹಾಕಿದರೆ ಹುಕ್ಕು ಬಿತ್ತು. ಸದಾನಂದ ವಿಡಿಯೋ ಕಾಲಿನಲ್ಲಿ ನೋಡಿ, "ಎಂತ ಮಾರಾಯ್ತಿ, ಮದುವೆಗೆ ಹುಡುಗಿ ನೋಡ್ಲಿಕ್ಕೆ ಬಂದ ಹಾಗೆ ಆಗ್ತಾ ಉಂಟು ನನಗೆ" ಎಂದರು. ಹದಿನೇಳು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು. ಆ ಮಾತಿಗಾಗಿ ನಾನು ಇನ್ನೂ ಒಂದು ತಿಂಗಳು ಪುಡಿ ಕುಡಿಯಲು ತಯಾರಿದ್ದೆ. ಕುಡಿದೆ ಕೂಡ.

ಇನ್ನೊಂದು ಬದಿಯದ್ದನ್ನು ನಾನು ಯಾರಿಗೂ ಹೇಳಲಿಲ್ಲ. ತಲೆ ಬಾಚಿದರೆ ಮುಷ್ಟಿ ತುಂಬ ಕೂದಲು. ನಾಲ್ಕು ದಿನಕ್ಕೊಮ್ಮೆ ಕಕ್ಕಸಿಗೆ ಹೋದರೆ ಕಣ್ಣೀರು. ಸೆಕೆಯಲ್ಲೂ ಬೆರಳು ತಣ್ಣಗೆ. ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ, ಎಷ್ಟು ಹಲ್ಲು ತಿಕ್ಕಿದರೂ ಹೋಗದು. ಅಳತೆ ತೆಗೆಯಲು ಹತ್ತಿರ ಹೋದರೆ ಗಿರಾಕಿಗಳು ಮುಖ ತಿರುಗಿಸುತ್ತಿದ್ದರು. ಮಾಮಿ ಒಂದು ದಿನ ನೇರವಾಗಿಯೇ ಕೇಳಿದರು:

"ನಿನ್ನ ಬಾಯಿ ಎಂತ ಹೆಣದ ಹಾಗೆ ನಾರ್ತದೆ?"

"ಕೊಬ್ಬು ಕರಗುವಾಗ ಹಾಗೆಯೇ ಅಂತೆ ಮಾಮಿ" ಎಂದೆ, ಮೇಡಂ ಹೇಳಿಕೊಟ್ಟ ಹಾಗೆ. ನನಗೆ ಆಗ ಅದು ಹೆಮ್ಮೆಯ ವಾಸನೆ.

ಈಗ ನನ್ನ ನಾದಿನಿ ಶಾಲಿನಿಯ ವಿಷಯ ಹೇಳಬೇಕು. ಸದಾನಂದರ ತಂಗಿ. ಗಂಡನ ಜೊತೆ ಕೂಳೂರಿನಲ್ಲಿದ್ದಾಳೆ. ಆಗ ಮೂವತ್ತನಾಲ್ಕು ವರ್ಷ, ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಡಿಸೆಂಬರಿನಲ್ಲಿ ಯಾವುದೋ ಮದುವೆಗೆ ಬ್ಲೌಸ್ ಹೊಲಿಸಲು ಬಂದಳು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅಳತೆ ತೆಗೆಯುವಾಗ ಅಂಕಿಯನ್ನು ಬಾಯಿಬಿಟ್ಟು ಹೇಳಬಾರದು, ಸುಮ್ಮನೆ ಬರೆದುಕೊಳ್ಳಬೇಕು; ಇದು ನನಗೆ ಹೊಲಿಗೆ ಕಲಿಸಿದ ಟೀಚರ್ ಮೊದಲ ದಿನವೇ ಹೇಳಿದ್ದು. ಇಪ್ಪತ್ತು ವರ್ಷ ಹಾಗೆಯೇ ಮಾಡಿದವಳು ಆ ದಿನ ಟೇಪು ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಸೊಂಟ ನಲವತ್ತೊಂದು. ನನಗಿಂತ ಒಂಬತ್ತು ವರ್ಷ ಚಿಕ್ಕವಳು ನೀನು."

ಶಾಲಿನಿಯ ಕಿವಿ ಕೆಂಪಾಯಿತು. ಆ ಇಬ್ಬರು ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, "ಡಾಕ್ಟರ್ ಕೂಡ ಸ್ವಲ್ಪ ಇಳಿಸ್ಲಿಕ್ಕೆ ಹೇಳಿದ್ದಾರೆ ಅತ್ತಿಗೆ. ಇಳಿದರೆ ಮಕ್ಕಳಾಗುವ ಚಾನ್ಸ್ ಜಾಸ್ತಿಯಂತೆ."

"ಸ್ವಲ್ಪ ಎಂತಕ್ಕೆ? ನಾಳೆ ಆರು ಗಂಟೆಗೆ ಬಾ. ನಾನೇ ಕರ್ಕೊಂಡು ಹೋಗ್ತೇನೆ."

ಬಂದಳು. ಕೂಳೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ದಿನಾ ಬಂದಳು. ನಾನು ಎಷ್ಟು ಲೋಟ ಕುಡಿಯುತ್ತೇನೋ ಅವಳೂ ಅಷ್ಟೇ ಕುಡಿದಳು.

ಫೆಬ್ರವರಿಯ ಮೊದಲ ವಾರ ಮೇಡಂ ನನ್ನ ಫೋಟೋ ಕೇಳಿದರು, ಮೊದಲಿನದ್ದು ಮತ್ತು ಈಗಿನದ್ದು. ಮೊದಲಿನದ್ದಕ್ಕೆ ನಾನೇ ಆರಿಸಿ ಕೊಟ್ಟದ್ದು ಒಂದು ಮದುವೆಯ ಹಿಂದಿನ ರಾತ್ರಿ ಮೆಹಂದಿ ಊಟದಲ್ಲಿ ತೆಗೆದ ಚಿತ್ರ. ಬಾಯಿ ತೆರೆದು ತುತ್ತು ಹಾಕಿಕೊಳ್ಳುತ್ತಿದ್ದೇನೆ, ಗಲ್ಲದ ಕೆಳಗೆ ಎರಡು ಮಡಿಕೆ. ಪಕ್ಕದಲ್ಲಿ ನನ್ನ ಮಗನಿದ್ದ, ಅವನನ್ನು ಕತ್ತರಿಸಿ ತೆಗೆದರು. ಅದನ್ನು ಮೆಟ್ಟಿಲ ಬಾಗಿಲಿಗೆ ದೊಡ್ಡದಾಗಿ ಹಾಕಿದರು: ಮೂರು ತಿಂಗಳಲ್ಲಿ ಹತ್ತೊಂಬತ್ತು ಕಿಲೋ. ದಾರಿಯಲ್ಲಿ ಹೋಗುವವರು ನಿಂತು ಮೊದಲಿನ ಮಲ್ಲಿಕಾಳನ್ನು ನೋಡಿ ಮೂಗು ಮುರಿಯುತ್ತಿದ್ದರು. ನಾನು ಅಂಗಡಿಯೊಳಗಿಂದ ಅದನ್ನು ನೋಡಿ ಖುಷಿಪಡುತ್ತಿದ್ದೆ. ಆ ಮಲ್ಲಿಕಾ ಯಾರೋ ಬೇರೆಯವಳು ಎಂಬ ಹಾಗೆ.

ಫೆಬ್ರವರಿ ಕೊನೆಯಲ್ಲಿ ಸುರತ್ಕಲ್ಲಿನ ಒಂದು ಸಭಾಭವನದಲ್ಲಿ ಸಂಬಂಧಿಕರ ಮದುವೆಯ ಔತಣವಿತ್ತು. ಅಷ್ಟು ತಿಂಗಳ ಮೇಲೆ ಮೊದಲ ಸಲ ಕೋಳಿ ಸಾರು ಹೊಯ್ದ ಕೋರಿ ರೊಟ್ಟಿ ತಿಂದೆ, ಎರಡು ಸಲ ಹಾಕಿಸಿಕೊಂಡೆ. ಮಧ್ಯಾಹ್ನ ಅಂಗಡಿಗೆ ಬಂದು ಮೆಷಿನ್ ಮುಂದೆ ಕೂತೆ. ಬಲಬದಿಯ ಪಕ್ಕೆಲುಬಿನ ಅಡಿಯಲ್ಲಿ ಯಾರೋ ಮುಷ್ಟಿ ಹಾಕಿ ತಿರುಚಿದ ಹಾಗೆ ಆಯಿತು. ನೋವು ಬೆನ್ನಿಗೆ, ಹೆಗಲಿಗೆ ಹತ್ತಿತು. ಷಟರ್ ಅರ್ಧ ಎಳೆದು ನೆಲದ ಮೇಲೆ ಬಟ್ಟೆ ಚೂರುಗಳ ನಡುವೆ ಮಂಡಿಯೂರಿದೆ. ಎರಡು ಗಂಟೆ ಹಾಗೆಯೇ. ಆಮೇಲೆ ಬಂದ ಹಾಗೆಯೇ ಹೋಯಿತು.

ಮೇಡಂಗೆ ಹೇಳಿದರೆ ನಕ್ಕರು. "ಅದು ಟಾಕ್ಸಿನ್ ಹೊರಗೆ ಹೋಗುವ ನೋವು. ಬಿಸಿನೀರು ಜಾಸ್ತಿ ಕುಡಿಯಿರಿ. ಔತಣಕ್ಕೆ ಹೋದದ್ದು ಎಂತಕ್ಕೆ ನೀವು?"

ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಇನ್ನೊಂದು ವಾರ ಲೋಟವೇ ಗತಿ ಎಂದುಕೊಂಡೆ. ಎರಡನೇ ಸಲ ನೋವು ಬಂದಾಗ ಔತಣ ಇರಲಿಲ್ಲ, ಒಂದು ಬಾಳೆಹಣ್ಣು ಮಾತ್ರ ತಿಂದಿದ್ದೆ. ಆ ಸಲ ನೋವು ಪೂರ್ತಿ ಹೋಗಲೇ ಇಲ್ಲ. ಮೈಯೆಲ್ಲ ತುರಿಕೆ ಶುರುವಾಯಿತು, ಅಂಗೈ ಅಂಗಾಲು ಕೂಡ. ಮೂತ್ರ ಕರಿ ಚಹಾದ ಬಣ್ಣ. ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಮಾಮಿ ನನ್ನ ಗಲ್ಲ ಹಿಡಿದು ಕಣ್ಣು ನೋಡಿದರು.

"ಇದು ಜಾಂಡೀಸ್. ಮದ್ದು ಕೊಡುವವರು ಗೊತ್ತುಂಟು ನನಗೆ."

ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ಹೋಗುವುದು ನಾಟಿ ಮದ್ದಿಗೆ. ಮಾಮಿಯ ಮೂವರು ಮಕ್ಕಳಿಗೂ ಅದೇ ಮದ್ದು ನಾಟಿತ್ತಂತೆ. ಬರಿಹೊಟ್ಟೆಗೆ ಸೊಪ್ಪಿನ ರಸ, ಉಪ್ಪಿಲ್ಲದ ಗಂಜಿ, ಎಣ್ಣೆ ಮುಟ್ಟುವ ಹಾಗಿಲ್ಲ. ಮೂರು ದಿನ ಆ ಹಸಿರು ರಸ ಕುಡಿದೆ. ಕುಡಿದಷ್ಟೂ ಹೊರಗೆ ಬಂತು. ಮಾಮಿಯನ್ನು ದೂರುವುದಿಲ್ಲ. ಲೋಟದಲ್ಲಿ ಯಾರೋ ಕೊಟ್ಟದ್ದನ್ನು ಕೇಳದೆ ಕುಡಿಯುವ ಅಭ್ಯಾಸ ನನಗೆ ಮೊದಲೇ ಆಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಚಳಿಜ್ವರ ಬಂತು. ಹಲ್ಲು ಕಟಕಟಿಸುವ ಚಳಿ. ಮಾಮಿ ಹೆದರಿ ಪಕ್ಕದ ಮನೆಯವರ ಕಾರು ಹೇಳಿದರು, ಶಾಲಿನಿಗೆ ಫೋನ್ ಮಾಡಿದರು. ಅವಳು ಕೂಳೂರಿನಲ್ಲಿ ರಸ್ತೆಗೆ ಬಂದು ನಿಂತಿದ್ದು ಕಾರು ಹತ್ತಿದಳು. ಸೇತುವೆಯ ಬಳಿ ಬ್ಲಾಕ್. ಮುಂದೆ ಟ್ಯಾಂಕರ್, ಹಿಂದೆ ಟ್ಯಾಂಕರ್, ಬಿಸಿಲು. ನನಗೆ ತಡೆಯಲಾಗಲಿಲ್ಲ. ಚೀಲ ತೆರೆಯುವಷ್ಟು ಸಮಯ ಸಿಗಲಿಲ್ಲ. ಮಾಮಿ ತಮ್ಮ ಎರಡೂ ಅಂಗೈ ಬೊಗಸೆ ಮಾಡಿ ಹಿಡಿದರು. ಹಸಿರು, ಕಹಿ, ಬಿಸಿ. ಬೊಗಸೆ ತುಂಬಿ ಅವರ ಸೀರೆಯ ಮಡಿಲಿಗೆ ಇಳಿಯಿತು. ಮಾಮಿ ಮುಖ ತಿರುಗಿಸಲಿಲ್ಲ. "ಬರ್ಲಿ ಮಗ, ಬರ್ಲಿ" ಎನ್ನುತ್ತಿದ್ದರು. ಸೇತುವೆ ದಾಟುವವರೆಗೂ ಆ ಕೈಗಳನ್ನು ಎಲ್ಲಿಯೂ ಒರೆಸಲು ಜಾಗವಿಲ್ಲದೆ ಹಾಗೆಯೇ ಹಿಡಿದುಕೊಂಡಿದ್ದರು.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಕೂರಿಸಿದರು. ಕೈಗೆ ಡ್ರಿಪ್ ಸೂಜಿ, ಕಣ್ಣು ಹಳದಿ, ಮೈಯಲ್ಲಿ ವಾಂತಿಯ ವಾಸನೆ. ಪಕ್ಕದ ಕುರ್ಚಿಯಲ್ಲಿ ಒಬ್ಬರು ಹೆಂಗಸು, ನನ್ನ ಪ್ರಾಯದವರೇ. ನನ್ನನ್ನು ಬಹಳ ಹೊತ್ತು ನೋಡಿದರು. ಕನಿಕರ ಎಂದುಕೊಂಡೆ.

"ನೀವು ಒಳ್ಳೆ ಸ್ಲಿಮ್ ಇದ್ದೀರಿ ಮಾರಾಯ್ರೆ" ಎಂದರು. "ಎಂತ ಡಯಟ್ ಮಾಡಿದ್ದು?"

ಉತ್ತರ ಕೊಡಲು ಬಾಯಿ ತೆರೆದಾಗ ಮತ್ತೆ ವಾಂತಿ ಬಂತು.

ಸಂಜೆ ಬಂದ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು, ಒಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಹಳದಿ, ಅದಕ್ಕೇ ಜ್ವರ ಎಂದರು. ಆಮೇಲೆ ನನ್ನ ತೋಳಿನ ಜೋತುಬಿದ್ದ ಚರ್ಮವನ್ನು ನೋಡಿದರು.

"ಎಷ್ಟು ಕಿಲೋ ಇಳಿಸಿದ್ರಿ?"

"ಹತ್ತೊಂಬತ್ತು."

"ಎಷ್ಟು ಸಮಯದಲ್ಲಿ?"

"ಮೂರು ತಿಂಗಳು."

ಬರೆಯುತ್ತಿದ್ದ ಪೆನ್ನು ನಿಂತಿತು. ಆ ಅಂಕಿ ಕೇಳಿ ಚಪ್ಪಾಳೆ ತಟ್ಟದ ಮೊದಲ ವ್ಯಕ್ತಿ ಅವರು.

"ಇದರ ಮಧ್ಯೆ ಯಾರಾದ್ರೂ ರಕ್ತ ಪರೀಕ್ಷೆ ಮಾಡಿಸಿದ್ರಾ?"

"ಇಲ್ಲ."

"ಹೊಗಳಿದ್ದು ಮಾತ್ರ?"

ಹೌದು ಎಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. "ಇಷ್ಟು ಬೇಗ ಇಳಿದರೆ ಕಲ್ಲು ಆಗುವುದುಂಟು. ಇನ್ನು ಎರಡು ದಿನ ಬಿಟ್ಟು ಬಂದಿದ್ರೆ ಕಷ್ಟ ಇತ್ತು" ಎಂದಷ್ಟೇ ಹೇಳಿದರು. ಮಾಮಿ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಸೊಪ್ಪಿನ ರಸದ ಮೂರು ದಿನವನ್ನು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಮುಖದಲ್ಲಿ ಕಾಣುತ್ತಿತ್ತು.

ಬಾಯಿಯ ಮೂಲಕ ಕೊಳವೆ ಇಳಿಸಿ ನಾಳದ ಕಲ್ಲು ತೆಗೆದರು. ಜ್ವರ ಪೂರ್ತಿ ಇಳಿದ ಮೇಲೆ ಆಪರೇಷನ್ ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು ಎಂದರು. ಅದಕ್ಕಾಗಿ ಒಂದು ವಾರ ಕಾಯಬೇಕಾಯಿತು. ಸದಾನಂದರಿಗೆ ಫೋನಿನಲ್ಲಿ ಹೇಳಿದೆ. "ನಾನು ನಿನ್ನ ಆ ಫೋಟೋ ರೂಮಿನವರಿಗೆಲ್ಲ ತೋರಿಸಿದ್ದೆ ಮಲ್ಲಿಕಾ" ಎಂದರು.

ಆ ವಾರ್ಡಿನಲ್ಲಿ ಒಬ್ಬರು ಆಯಾ ಇದ್ದರು, ದಪ್ಪಗಿನ, ಕಡಿಮೆ ಮಾತಿನ ಹೆಂಗಸು. ಜ್ವರ ಬಿಟ್ಟ ದಿನ ನನ್ನನ್ನು ಗೋಡೆಗೆ ಒರಗಿಸಿ ತಲೆ ಬಾಚಿಕೊಟ್ಟರು. ಎಷ್ಟು ಕೂದಲು ಬಂತೆಂದು ನನಗೆ ತಲೆಯ ಚರ್ಮದಲ್ಲೇ ಗೊತ್ತಾಗುತ್ತಿತ್ತು. ಅವರು ಅದನ್ನು ನನಗೆ ತೋರಿಸಲಿಲ್ಲ. ಪೇಪರಿನಲ್ಲಿ ಸುತ್ತಿ ತಮ್ಮ ಜೇಬಿಗೆ ಹಾಕಿಕೊಂಡು, "ಜಡೆ ಹಾಕ್ಲಾ, ತುರುಬು ಸಾಕಾ?" ಎಂದು ಕೇಳಿದರು. ಜಡೆ ಹಾಕಲು ಕೂದಲೇ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಕೇಳಿದರು.

ಹಗಲು ನನ್ನ ಜೊತೆ ನಿಲ್ಲುತ್ತಿದ್ದದ್ದು ಶಾಲಿನಿ. ಐದನೇ ದಿನ ಬೆಳಿಗ್ಗೆ ಮಾಮಿ ಕ್ಯಾಂಟೀನಿಗೆ ಗಂಜಿ ತರಲು ಹೋಗಿದ್ದರು. ಶಾಲಿನಿ ಬ್ಯಾಗಿನಿಂದ ಶೇಕರ್ ತೆಗೆದಳು, ಫ್ಲಾಸ್ಕಿನ ನೀರು ಹಾಕಿದಳು, ಪುಡಿ ಹಾಕಿ ಅಲ್ಲಾಡಿಸಿದಳು. ಆ ವೆನಿಲ್ಲಾ ವಾಸನೆ ಹಾಸಿಗೆಯವರೆಗೆ ಬಂತು. ಅವಳು ಒಂದು ಗುಟುಕು ಕುಡಿದು, ನನ್ನ ಕುತ್ತಿಗೆಯ ಮೂಳೆಗಳನ್ನು ನೋಡುತ್ತಾ ಕೇಳಿದಳು:

"ಅತ್ತಿಗೆ, ಬೇಜಾರು ಮಾಡ್ಬೇಡಿ. ಇಲ್ಲಿಗೆ ಬಂದ ಮೇಲೆ ನಿಮ್ಮದು ಇನ್ನೂ ಇಳಿದಿದೆ. ಈಗ ಎಷ್ಟು ಬಂತು?"

ತಮಾಷೆ ಅಲ್ಲ. ಅವಳ ದನಿಯಲ್ಲಿ ಆಸೆ ಇತ್ತು. ಡ್ರಿಪ್ ಹಾಕಿಕೊಂಡು ಮಲಗಿದವಳನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚು ಆಗಿತ್ತು. ನಾನು ಹಾಸಿಗೆಯ ಅಂಚಿಗೆ ಬಾಗಿ ವಾಂತಿ ಮಾಡಿದೆ. ವಾಸನೆಗೋ ಅವಳ ಮಾತಿಗೋ ಗೊತ್ತಿಲ್ಲ. ಅವಳೇ ಬಕೆಟ್ ತಂದು ಒರೆಸಿದಳು. ಬಗ್ಗಿ ಎದ್ದಾಗ ಗೋಡೆ ಹಿಡಿದುಕೊಂಡದ್ದನ್ನು ನೋಡಿದೆ.

"ಅದನ್ನು ಚೆಲ್ಲು ಶಾಲಿನಿ. ಇನ್ನು ಕುಡಿಯುವುದು ಬೇಡ."

"ನಿಮ್ಮದು ಇಳಿದಾಯ್ತಲ್ಲ. ಈಗ ನನಗೆ ಬೇಡ ಅಂತೀರಿ."

"ನನ್ನ ಅವಸ್ಥೆ ಕಾಣ್ತಾ ಇಲ್ವಾ ನಿನಗೆ?"

"ಅದು ಪ್ರಾಯ ಆದವರಿಗೆ ಮಾತ್ರ ಬರುವುದಂತೆ. ಮೇಡಂ ಹೇಳಿದ್ದಾರೆ." ಶೇಕರಿನ ಮುಚ್ಚಳ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಎರಡು ತಿಂಗಳಿಂದ ನನಗೆ ಮುಟ್ಟಾಗ್ಲಿಲ್ಲ ಅತ್ತಿಗೆ. ನಾನು ಎಂತ ಎಣಿಸಿದ್ದು ಗೊತ್ತುಂಟಾ?"

ಗೊತ್ತಾಯಿತು.

"ಇವರಿಗೂ ಹೇಳ್ಲಿಲ್ಲ. ಮೂರು ಸಲ ಟೆಸ್ಟ್ ಮಾಡಿದೆ ಮನೆಯಲ್ಲೇ. ಮೂರು ಸಲವೂ ಒಂದೇ ಗೆರೆ. ಆದ್ರೂ ಮುಟ್ಟಾಗ್ಲಿಲ್ಲ. ಇನ್ನೂ ಸ್ವಲ್ಪ ಇಳಿದರೆ ಗರ್ಭ ನಿಲ್ತದೋ ಏನೋ ಅಂತ ಎಣಿಸಿ ಮಧ್ಯಾಹ್ನದ ಮೊಟ್ಟೆಯನ್ನೂ ಬಿಟ್ಟೆ."

ಬಾಗಿಲಲ್ಲಿ ಮಾಮಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದರು. ಎಷ್ಟು ಕೇಳಿದ್ದರೋ. ಪಾತ್ರೆಯನ್ನು ಮೇಜಿನ ಮೇಲಿಟ್ಟು ಮಗಳ ಹತ್ತಿರ ಹೋದರು.

"ನೀನು ಅನ್ನ ತಿನ್ನದೆ ಎಷ್ಟು ದಿನ ಆಯ್ತು?"

ಮಾಮಿ ಅವಳ ಕೈಯಿಂದ ಶೇಕರ್ ತೆಗೆದುಕೊಂಡು ಬಚ್ಚಲಿಗೆ ಹೋಗಿ ಸುರಿದರು. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

"ಇದನ್ನು ನಿನಗೆ ಯಾರು ಹಿಡಿಸಿದ್ದು?"

ಶಾಲಿನಿ ಆಗಲೂ ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಬೇಕಾಯಿತು. "ನಾನು ಮಾಮಿ. ನಾನೇ ಕರ್ಕೊಂಡು ಹೋದದ್ದು. ಅವಳು ಸ್ವಲ್ಪ ಅಂತ ಹೇಳಿದ್ಲು. ನಾನು ಪೂರ್ತಿ ಇಳಿಸ್ಲಿಕ್ಕೆ ಹೇಳಿದೆ."

ಮಾಮಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ಆರಿಸಿ ಚಮಚದಲ್ಲಿ ಬಾಯಿಗೆ ಕೊಟ್ಟರು, ಬಾಯಿ ಒರೆಸಿದರು, ಬೆನ್ನು ತಿಕ್ಕಿದರು. ಮಾತು ಮಾತ್ರ ಇಲ್ಲ. ಕಲ್ಲಿನ ನೋವಿಗಿಂತ ಅದು ಹೆಚ್ಚಾಗಿತ್ತು. ಅದೇ ಆಸ್ಪತ್ರೆಯ ಹೆರಿಗೆ ವಿಭಾಗದ ಡಾಕ್ಟರ ಬಳಿ ಮಾಮಿಯೇ ಶಾಲಿನಿಯನ್ನು ಕರೆದುಕೊಂಡು ಹೋದರು. ರಕ್ತ ಬಹಳ ಕಡಿಮೆಯಾಗಿತ್ತು. ಮೈಗೆ ಸಾಕಷ್ಟು ಊಟ ಸಿಗದೆ ಮುಟ್ಟು ನಿಂತದ್ದು, ಊಟ ಮಾಡಿ, ಮಾತ್ರೆ ತೆಗೆದುಕೊಳ್ಳಿ, ಕಾಯಿರಿ ಎಂದರಂತೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಹೇಳಲಿಕ್ಕಾಗುವುದಿಲ್ಲ ಎಂದರಂತೆ.

ಆಪರೇಷನ್ ಆಯಿತು. ಮರುದಿನ ನರ್ಸ್ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲ್ಲುಗಳನ್ನು ತಂದು ತೋರಿಸಿದರು. ಕೊತ್ತಂಬರಿ ಕಾಳಿನಷ್ಟು, ಹಳದಿ ಹಸಿರು ಬಣ್ಣದವು, ಮೇಲೆ ಜಿಡ್ಡು. ನಾಲ್ಕು ತಿಂಗಳ ನನ್ನ ತಪಸ್ಸಿನ ಫಲ. "ಮನೆಗೆ ಕೊಂಡೋಗ್ತೀರಾ? ಕೆಲವರು ಕೊಂಡೋಗ್ತಾರೆ" ಎಂದರು. ಬೇಡ ಎಂದೆ.

ಮನೆಗೆ ಬಂದು ಹತ್ತು ದಿನದ ಮೇಲೆ ರೋಹಿಣಿ ಮೇಡಂ ಸೇಬು ಹಿಡಿದುಕೊಂಡು ಬಂದರು. ಮಾಮಿ ಒಳಗಿಂದ ಹೊರಗೆ ಬರಲಿಲ್ಲ. ಮೇಡಂ ನನ್ನ ಕೈ ಹಿಡಿದು ಹೇಳಿದರು, "ಅಷ್ಟು ದೊಡ್ಡ ಆಪರೇಷನ್ ತಡ್ಕೊಂಡ್ರಿ ಅಲ್ವಾ, ಅದಕ್ಕೆ ನಮ್ಮ ನ್ಯೂಟ್ರಿಷನ್ ಕಾರಣ. ಒಂದು ಸಣ್ಣ ವಿಡಿಯೋ ಮಾಡಿ ಕೊಡ್ತೀರಾ, ಸ್ವಲ್ಪ ಹುಷಾರಾದ ಮೇಲೆ?"

ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಚರಂಡಿಗೆ ಕಾಲು ಹಾಕಿದ ಹಾಗೆ ಆಯಿತು. "ಮೊದಲು ನನ್ನ ಫೋಟೋ ತೆಗೀರಿ ಮೇಡಂ" ಎಂದೆ.

"ಅದು ಹಾಗೆ ತೆಗೀಲಿಕ್ಕೆ ಆಗುದಿಲ್ಲ. ಅದನ್ನು ನೋಡಿಯೇ ಎಷ್ಟು ಜನ ಸೇರಿದ್ದಾರೆ ಗೊತ್ತುಂಟಾ?"

ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತು. ಆಪರೇಷನ್ನಿನ ಹೊಲಿಗೆ ಬಿಚ್ಚಿದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಮೆಟ್ಟಿಲು ಹತ್ತಿದೆ. ತೂಕ ನೋಡುವ ಹೊತ್ತು. ಇಪ್ಪತ್ತು ಹೆಂಗಸರಿದ್ದರು. ಮೇಡಂ ತಡೆಯುವ ಮೊದಲೇ ಸೆರಗು ಸರಿಸಿ ಹೊಟ್ಟೆಯ ಮೇಲಿನ ನಾಲ್ಕು ಗಾಯ ತೋರಿಸಿದೆ, ಕಲ್ಲಿನ ವಿಷಯ ಹೇಳಿದೆ, ವಾಂತಿಯ ವಿಷಯ, ಕೂದಲಿನ ವಿಷಯ, ಪಕ್ಕೆಯ ನೋವು ಟಾಕ್ಸಿನ್ ಅಲ್ಲ ಎಂಬುದನ್ನು. ಶಾಲಿನಿಯ ವಿಷಯ ಹೇಳಲಿಲ್ಲ, ಅದು ಅವಳದ್ದು. ಹೇಳಿ ಮುಗಿಸಿದೆ. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು:

"ಆದ್ರೆ ಅಕ್ಕ, ಇಳಿದದ್ದು ನಿಜ ಅಲ್ವಾ?"

ಉಳಿದವರೂ ತಲೆ ಎತ್ತಿ ಉತ್ತರಕ್ಕೆ ಕಾದರು. ನಾನು ಮೆಟ್ಟಿಲು ಇಳಿದು ಬಂದೆ. ಬರುವಾಗ ಬಾಗಿಲಿನ ಫೋಟೋವನ್ನು ನಾನೇ ಹರಿದು ತೆಗೆದೆ. ಅದರ ಹಿಂದಿನ ಗೋಂದು ಬಾಗಿಲಿನಲ್ಲಿ ಉಳಿಯಿತು, ಮೊದಲಿನ ಮಲ್ಲಿಕಾಳ ಒಂದು ತೋಳಿನ ಸಮೇತ. ಆಮೇಲೆ ಮೂವರು ಬರುವುದು ಬಿಟ್ಟರಂತೆ. ಆ ಅಜ್ಜಿಯೂ ಬಿಟ್ಟರು ಎಂದು ಕೇಳಿದೆ. ಉಳಿದವರು ಹೋಗುತ್ತಲೇ ಇದ್ದರು. ಕೆಲವು ತಿಂಗಳ ಮೇಲೆ ಕೂಟ ಬೇರೆ ದೊಡ್ಡ ಕಟ್ಟಡಕ್ಕೆ ಹೋಯಿತು.

ಈಗ ನನ್ನ ತೂಕ ಎಪ್ಪತ್ತೇಳು. ಹನ್ನೊಂದು ಕಿಲೋ ಒಂದೇ ವರ್ಷದಲ್ಲಿ ಹಿಂದೆ ಬಂತು, ಒಂದನ್ನು ನಡೆದು ನಡೆದು ಇಳಿಸಿದ್ದೇನೆ. ಡಾಕ್ಟರು ಇದೇ ವೇಗ ಸಾಕು ಎನ್ನುತ್ತಾರೆ. ಮಂಡಿ ಮತ್ತೆ ಸ್ವಲ್ಪ ಚುಳ್ಳೆನ್ನುತ್ತದೆ. ಎಣ್ಣೆಯದ್ದು ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಅರವತ್ತೇಳು ಕಿಲೋ ಇದ್ದಾಗಿನ ನನ್ನ ಫೋಟೋ ಈಗಲೂ ಮೊಬೈಲಿನಲ್ಲಿದೆ. ಅಳಿಸಬೇಕು ಎಂದು ತೆಗೆಯುತ್ತೇನೆ, ನೋಡುತ್ತೇನೆ, ಚಂದ ಉಂಟು ಎಂದುಕೊಂಡು ಇಟ್ಟುಬಿಡುತ್ತೇನೆ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಅಸಹ್ಯವಾಗುವುದು ಅದೇ. ಆದರೆ ನಿಮಗೂ ಹಾಗೆ ಆಗುತ್ತಿದ್ದರೆ, ನೀವೊಬ್ಬರೇ ಅಲ್ಲ ಎಂದಾದರೂ ಗೊತ್ತಿರಲಿ.

ಶಾಲಿನಿಗೆ ಮುಟ್ಟು ಬರಲು ಆ ವರ್ಷದ ಜುಲೈ ಆಯಿತು. ಅಷ್ಟು ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಕಡಿಮೆ. ಫೋನ್ ಮಾಡಿದರೆ ಹೂಂ ಎನ್ನುತ್ತಿದ್ದಳು, ಊಟ ಮಾಡಿದೆಯಾ ಎಂದರೆ ಹೂಂ. ಒಂದು ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ನಾನು ಮತ್ತು ಮಾಮಿ ಅಡುಗೆಮನೆಯಲ್ಲಿದ್ದೆವು.

"ಅತ್ತಿಗೆ, ಆಯ್ತು."

"ಎಂತ ಆಯ್ತು?"

"ಮುಟ್ಟಾಯ್ತು."

ಹನ್ನೊಂದು ವರ್ಷ ತಿಂಗಳು ತಿಂಗಳೂ ಇದೇ ಸುದ್ದಿ ಆ ಮನೆಯಿಂದ ನಮ್ಮ ಮನೆಗೆ ಬಂದಿತ್ತು. ಬಂದಾಗಲೆಲ್ಲ ಮಾಮಿ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಶಾಲಿನಿ ಅಳುತ್ತಿದ್ದಳು. ಆ ದಿನವೂ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಮಾಮಿ ಒದ್ದೆ ಕೈಯಲ್ಲೇ ನನ್ನಿಂದ ಫೋನ್ ಕಿತ್ತುಕೊಂಡರು.

"ಮಧ್ಯಾಹ್ನ ಇಲ್ಲಿಗೆ ಊಟಕ್ಕೆ ಬಾ. ಬಂಗುಡೆ ತಂದಿದ್ದೇನೆ."

ಬಂದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಮೊದಲ ಸಲದ್ದನ್ನು ಮೆಲ್ಲಗೆ, ಯಾರಾದರೂ ನೋಡುತ್ತಾರೋ ಎಂಬ ಹಾಗೆ ಉಂಡಳು. ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಮೂರನೇ ಸಲ ಕೇಳಲು ಅವಳಿಗೆ ನಾಚಿಕೆಯಾಯಿತು, ಬೆರಳಿನಿಂದ ಬರಿದಾದ ತಟ್ಟೆಯನ್ನು ಸವರುತ್ತಾ ಕೂತಳು. ನಾನು ಎದ್ದು ಅನ್ನದ ಪಾತ್ರೆ ತಂದು ಬಡಿಸಿದೆ. ಅವಳು ಉಂಡಳು.